ಮೌಲಾಲಿ ಚುಕ್ಕಿ

ಬಹಳ ಹಿಂದೆ, ಕಂಪ್ಯೂಟರೆಂದರೆ ಮೇಜಿನ ಕೆಳಗಿನ ಕಬ್ಬಿಣದ ಡಬ್ಬಿ ಅನ್ನುವ ಕಾಲದಲ್ಲಿ, ಕುಪ್ಪಸದ ಖಣ ನೇಯುವ ಒಂದು ಊರಿನಲ್ಲಿ ಮೌಲಾಲಿ ಅಂತ ಒಬ್ಬನಿದ್ದ. ಕೆಟ್ಟ ಕಂಪ್ಯೂಟರು ರಿಪೇರಿ ಮಾಡುತ್ತಿದ್ದ. ಅವನು ಕೈಯಿಟ್ಟರೆ ಸತ್ತ ಹಾರ್ಡ್ ಡಿಸ್ಕು ಎದ್ದು ಕೂರುತ್ತಿತ್ತಂತೆ. ಅದರ ಕಿವಿಯಲ್ಲಿ ಏನೋ ಊದುತ್ತಿದ್ದನಂತೆ. ಹಾಗಂತ ಜನ ಹೇಳುತ್ತಾರೆ. ಡಿಸ್ಕಿಗೆ ಕಿವಿ ಎಲ್ಲಿರುತ್ತದೆ ಅಂತ ಕೇಳಿದರೆ ನನ್ನ ಮೇಲೇ ಸಿಟ್ಟಾಗುತ್ತಾರೆ.

ನಮ್ಮ ಸೋದರತ್ತೆ ಹೇಳಿದ್ದು ಬೇರೆ. ಮೌಲಾಲಿ ಮಾಡುತ್ತಿದ್ದದ್ದು ಓದುವ ಕೆಲಸ. ಲಿನಕ್ಸ್ ಹಾಕಿದ ಕಂಪ್ಯೂಟರು ಏಳುವಾಗ ಪರದೆಯ ಮೇಲೆ ಸಾಲುಸಾಲಾಗಿ ಏನೇನೋ ಬರೆದುಕೊಳ್ಳುತ್ತದಲ್ಲ, ಯಾರೂ ನೋಡದ ಆ ಸಾಲುಗಳನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಕಂಪ್ಯೂಟರಿನ ಯಜಮಾನರೂ ಪಕ್ಕದಲ್ಲಿ ಕೂತು ಕೇಳಬೇಕು. ಎದ್ದು ಹೋದರೆ ಬೈಯುತ್ತಿದ್ದನಂತೆ. ಬಾಯಿ ಬಹಳ ಕೆಟ್ಟದ್ದು.

ಅದೇ ಊರಿನಲ್ಲಿ ನೀಲವ್ವ ಅಂತ ಇದ್ದಳು, ಖಣದ ನಕ್ಷೆ ಬರೆಯುವವಳು. ಆನೆ, ಕಮಲ, ತುಳಸಿಕಟ್ಟೆ, ಮಗ್ಗ ಏರುತ್ತಿದ್ದದ್ದೆಲ್ಲ ಅವಳ ಕೈಯದೇ. ವಯಸ್ಸಾಗಿ ಕೈ ನಡುಗತೊಡಗಿದಾಗ, ಇನ್ನು ಬರೆಯಲಾರೆ ಅಂತ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಿದಳು. ಕಾಗದಗಳನ್ನು ಗೆದ್ದಲು ತಿಂದಿತು. ಒಂದು ದಿನ ಕರೆಂಟು ಏರಿಳಿದು ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆ, ಮದರ್‌ಬೋರ್ಡ್, ಸುಟ್ಟುಹೋಯಿತು. ಮೈದುನ ಗ್ಯಾನಪ್ಪ ಎಲ್ಲಿಂದಲೋ ಹಳೆಯ ಬೋರ್ಡ್ ತಂದು ಜೋಡಿಸಿದ. ಲಿನಕ್ಸ್ ಸಿಡಿ ಹಾಕಿದರೆ ಕಂಪ್ಯೂಟರು ಎದ್ದಿತು, ನಕ್ಷೆಗಳಿದ್ದ ಡಿಸ್ಕು ಮಾತ್ರ ಕಾಣಲಿಲ್ಲ. ನೀಲವ್ವ ಊಟ ಬಿಟ್ಟಳಂತೆ.

ಗ್ಯಾನಪ್ಪ ಮಗ್ಗ ರಿಪೇರಿಯವನು. ಆ ಊರಿನಲ್ಲಿ ಯಾವ ಯಂತ್ರ ನಿಂತರೂ ಮದ್ದು ಒಂದೇ: ಬಿಚ್ಚು, ಎಣ್ಣೆ ಬಿಡು. ಅವನು ಡಿಸ್ಕಿನ ಮುಚ್ಚಳದ ಸ್ಕ್ರೂಗಳಿಗೆ ಕೈ ಹಾಕಿದ. ಪಕ್ಕದಲ್ಲಿ ಎಣ್ಣೆಗಿಂಡಿ. ಒಳಗಿನ ತಟ್ಟೆಗೆ ಎಣ್ಣೆ ಬಿದ್ದಿದ್ದರೆ ನಕ್ಷೆಗಳು ಹೋದವು ಅಂತಲೇ. ನೀಲವ್ವ ಹೇಳಿಕಳಿಸಿದ್ದಕ್ಕೆ ಮೌಲಾಲಿ ಬಂದದ್ದು ಅದೇ ಹೊತ್ತಿಗೆ. ಗೋಡೆ ಹಾರಿ ಬಂದ ಅನ್ನುತ್ತಾರೆ. ಸೈಕಲ್ಲಿನ ಮೇಲೆ ಬಂದ, ಅತ್ತೆ ನೋಡಿದ್ದಾಳೆ.

“ಏ ಗ್ಯಾನ್ಯಾ, ಆ ಎಣ್ಣಿ ನಿನ್ನ ತಲಿಗಿ ಹಚ್ಕೋ! ಕೈ ತಗಿ ಮೊದ್ಲ!”

ಸ್ಕ್ರೂ ಮತ್ತೆ ಬಿಗಿದರು. ಮೌಲಾಲಿ ಕಂಪ್ಯೂಟರು ಹಚ್ಚಿ, ನೀಲವ್ವನನ್ನು ಕೂರಿಸಿಕೊಂಡು ಓದಿದ. ಡಿಸ್ಕನ್ನು ಕರೆದೆ, ಉತ್ತರವಿಲ್ಲ, ಮತ್ತೆ ಕರೆದೆ, ಉತ್ತರವಿಲ್ಲ, ಬಿಟ್ಟೆ ಅಂತ ಪರದೆ ಹೇಳುತ್ತಿತ್ತಂತೆ. ತಂತಿ ಬದಲಿಸಿ ಓದಿದ. ಅದೇ ಸಾಲು.

“ಡಿಸ್ಕು ಹೊಸಾದು, ಬೋರ್ಡು ಹಳೇದು. ಅದು ಓಡತೈತಿ, ಇದು ನಡಿತೈತಿ. ಇವೆರಡರ ವೇಗ ಕೂಡವಲ್ದು ಯಕ್ಕಾ” ಅಂದ.

“ನೂಲು ಹರದ್ರ ನಾವು ಮಗ್ಗಾ ನಿಧಾನ ಮಾಡ್ತೀವಲ್ಲೋ ತಮ್ಮಾ. ಇದಕ್ಕ ಹಂಗ ಮಾಡಾಕ ಬರಂಗಿಲ್ಲೇನು?” ಅಂದಳು ನೀಲವ್ವ.

ಮೌಲಾಲಿ ಡಿಸ್ಕನ್ನು ತಿರುಗಿಸಿ, ಅದರ ಮೇಲಿನ ಚೀಟಿ ಓದಿದ. ಬೆನ್ನಲ್ಲಿ ಸೂಜಿಯಂಥ ಕಡ್ಡಿಗಳಿದ್ದವು. ಎರಡು ಕಡ್ಡಿ ಸೇರಿಸಿ ಒಂದು ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿದರೆ ಡಿಸ್ಕು ಬೋರ್ಡಿನ ಜೊತೆ ನಿಧಾನವಾಗಿ ಮಾತಾಡುತ್ತದೆ ಅಂತ ಚೀಟಿಯಲ್ಲೇ ಇತ್ತು. ಚೀಲದಲ್ಲಿದ್ದ ಸತ್ತ ಡಿಸ್ಕೊಂದರಿಂದ, ಜೋಳದ ಕಾಳಿನಷ್ಟು ಟೊಪ್ಪಿಗೆ ಕಿತ್ತು ಇದಕ್ಕೆ ಹಾಕಿದ. ಮತ್ತೆ ಓದಿದ. ಈ ಸಲ ಸಾಲಿನಲ್ಲಿ ಡಿಸ್ಕಿನ ಹೆಸರು ಬಂತು. ನೀಲವ್ವ ಆ ಸಾಲನ್ನೇ ಇನ್ನೊಮ್ಮೆ ಓದಿಸಿದಳಂತೆ. ಪರದೆಯ ಮೇಲೆ ಅವಳ ಆನೆ ಬಂದಾಗ ಗಳಗಳ ಅತ್ತಳು. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಮುಗಿಸುವ ತನಕ ಮೌಲಾಲಿ ಗ್ಯಾನಪ್ಪನನ್ನು ಬೈಯುತ್ತಲೇ ಇದ್ದ.

ಈಗಲೂ ಆ ಊರಿನಲ್ಲಿ ಕಂಪ್ಯೂಟರು ಕೆಟ್ಟರೆ ಮೊದಲು ಎಣ್ಣೆಗಿಂಡಿಯನ್ನು ಹೊಸಿಲಿನಾಚೆ ಇಡುತ್ತಾರೆ. ಆಮೇಲೆ ಪರದೆಯ ಸಾಲುಗಳನ್ನು ಗಟ್ಟಿಯಾಗಿ ಓದುತ್ತಾರೆ, ಅರ್ಥವಾಗಲಿ ಬಿಡಲಿ.

ಮೌಲಾಲಿ ತೀರಿಕೊಂಡ ವರ್ಷ ನೀಲವ್ವ ಮತ್ತೆ ಪೆನ್ಸಿಲ್ ಹಿಡಿದು ಒಂದು ನಕ್ಷೆ ಬರೆದಳು. ಆ ಟೊಪ್ಪಿಗೆಯಷ್ಟು ಸಣ್ಣ ಚೌಕ, ಅಷ್ಟೇ. ಕೈ ನಡುಗಿ ಒಂದು ಮೂಲೆ ಸೊಟ್ಟಗಾಯಿತು. ಅದಕ್ಕೆ ಮೌಲಾಲಿ ಚುಕ್ಕಿ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಆ ಮೂಲೆ ನೇರ ಮಾಡುವುದು ಕ್ಷಣದ ಕೆಲಸ. ನೇಕಾರರು ಇವತ್ತಿಗೂ ಅದನ್ನು ಸೊಟ್ಟಗೇ ನೇಯುತ್ತಾರೆ.