ಎರಡು ಪಟ್ಟು ವೇಗ

ಜಾಲತಾಣಗಳನ್ನು ಕಟ್ಟುವ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತಪ್ಪು ಮಾಡಿದವನನ್ನು ಬಿಟ್ಟು ತಿದ್ದಿದವನ ಮೇಲೆ ಜನ ಸಿಟ್ಟಾಗುವುದೇಕೆ?"

ಗುರು ಹೇಳಿದರು:

ಒಬ್ಬ ತಂತ್ರಜ್ಞ ಒಂದು ಸಾಧನ ಬರೆದ. ಅದು ಜಾಲತಾಣಕ್ಕೆ ಸಾವಿರಾರು ಕೃತಕ ಸಂದರ್ಶಕರನ್ನು ಕಳಿಸಿ, ಸೆಕೆಂಡಿಗೆ ಎಷ್ಟು ಜನರನ್ನು ಆ ತಾಣ ತಾಳುತ್ತದೆ ಎಂದು ಹೇಳುತ್ತಿತ್ತು. ಪ್ರತಿ ಸಂದರ್ಶಕನಿಗೂ ಹೊಸ ಸಂಪರ್ಕ ತೆರೆಯುವ ಲೈಬ್ರರಿಯೊಂದನ್ನು, ಅಂದರೆ ಸಿದ್ಧ ಕೋಡಿನ ಕಟ್ಟೊಂದನ್ನು, ಅವನು ಸಾಧನದ ಜೊತೆಗೇ ಇಟ್ಟಿದ್ದ. ನಿಜವಾದ ಜನ ಹಾಗೆಯೇ ಬರುತ್ತಾರೆ.

ಲಿನಕ್ಸ್ ಬಳಗವೊಂದರಲ್ಲಿ ಪ್ಯಾಕೇಜ್ ಮಾಡುವವನೊಬ್ಬ ಅದನ್ನು ಎತ್ತಿಕೊಂಡ. ಇತರರು ಬರೆದದ್ದನ್ನು ಒಂದೇ ಆದೇಶಕ್ಕೆ ಯಾರ ಯಂತ್ರದಲ್ಲಾದರೂ ಕೂರುವಂತೆ ಸಿದ್ಧಪಡಿಸುವುದು ಅವನ ಕೆಲಸ. ಸಾಧನಗಳು ಸ್ವಂತ ಲೈಬ್ರರಿ ಹೊತ್ತು ಬರಬಾರದು, ವ್ಯವಸ್ಥೆಯಲ್ಲಿ ಇರುವುದನ್ನೇ ಬಳಸಬೇಕು ಎಂಬುದು ಬಳಗದ ನಿಯಮ. ಅವನು ನಿಯಮ ಪಾಲಿಸಿದ. ವ್ಯವಸ್ಥೆಯ ಲೈಬ್ರರಿ ಒಮ್ಮೆ ತೆರೆದ ಸಂಪರ್ಕವನ್ನೇ ಎಲ್ಲ ಸಂದರ್ಶಕರಿಗೂ ಬಳಸುತ್ತಿತ್ತು. ಸಂಪರ್ಕ ತೆರೆಯಲು ಹಿಡಿಯುವ ಸಮಯ ಲೆಕ್ಕದಿಂದ ಬಿಟ್ಟುಹೋಗಿ, ಎಲ್ಲರ ತಾಣಗಳೂ ಎರಡು ಪಟ್ಟು ವೇಗವಾಗಿ ಕಂಡವು. ಬಳಗದ ವಾರ್ಷಿಕ ಸಭೆಯಲ್ಲಿ ಅವನಿಗೆ ಶಾಲು ಹೊದಿಸಿದರು.

ಅವನ ನಂತರ ಬಂದವನು ಆರು ವರ್ಷ ಕಾದು ಅಪ್‌ಲೋಡ್ ಹಕ್ಕು ಪಡೆದಿದ್ದ. ಆ ಹಕ್ಕಿಲ್ಲದವನ ಕೆಲಸ ಯಾರಿಗೂ ತಲುಪುವುದಿಲ್ಲ. ಅವನಿಗೆ ಅಂಕಿಗಳ ಮೇಲೆ ಅನುಮಾನ ಬಂತು. ಪರೀಕ್ಷಿಸಿದ, ಕಾರಣ ಕಂಡುಕೊಂಡ, ಮೂಲ ಲೈಬ್ರರಿಯನ್ನು ಮರಳಿ ಸೇರಿಸಿ ಹೊಸ ಪ್ಯಾಕೇಜ್ ಕಳಿಸಿದ.

ಮರುದಿನ ಎಲ್ಲರ ಅಂಕಿಗಳೂ ಅರ್ಧಕ್ಕೆ ಇಳಿದವು. ಪತ್ರಗಳು ಬಂದವು. ನಮ್ಮ ಸರ್ವರನ್ನು ಕೆಡಿಸಿದಿರಿ ಎಂದು ಒಬ್ಬ ಬರೆದ. ಆ ಅಂಕಿಗಳನ್ನು ತೋರಿಸಿ ನಾವು ಗ್ರಾಹಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ನಿಜ ಹೇಳಲು ನಿಮಗೆ ಯಾರು ಹೇಳಿದರು ಎಂದು ಇನ್ನೊಬ್ಬ ಕೇಳಿದ. ಪತ್ರ ಬರೆದವರಲ್ಲಿ ಅವನೊಬ್ಬನೇ ಪ್ರಾಮಾಣಿಕ.

ಬಳಗದ ಹಿರಿಯ ತಿದ್ದಿದವನನ್ನು ಕರೆದು ಹೇಳಿದ: "ನಿಮ್ಮ ಅಳತೆ ಸರಿ ಇದೆ ಮಾರಾಯ್ರೆ, ಅದರಲ್ಲಿ ತಕರಾರಿಲ್ಲ. ಆದರೆ ಇದು ಸ್ಥಿರ ಆವೃತ್ತಿ, ಬಿಡುಗಡೆಯಾದ ಮೇಲೆ ಅದರ ನಡವಳಿಕೆ ಬದಲಾಗಬಾರದು. ಇಲ್ಲಿ ತಪ್ಪೂ ಸ್ಥಿರವಾಗಿರಬೇಕು."

"ಹಾಗಾದರೆ ಅಳೆಯುವುದು ಯಾಕೆ?"

"ತೋರಿಸಲಿಕ್ಕೆ. ಸಂಜೆಯೊಳಗೆ ಹಿಂದಿನಂತೆ ಮಾಡಿ, ಇಲ್ಲವೇ ಹಕ್ಕು ಬಿಟ್ಟುಕೊಡಿ."

ಅವನು ಸಂಜೆಯವರೆಗೂ ಕಾಯಲಿಲ್ಲ. ತಾನು ಸೇರಿಸಿದ ಲೈಬ್ರರಿಯನ್ನು ತಾನೇ ಕಿತ್ತು ಹಾಕಿದ. ಪ್ರತಿ ಪ್ಯಾಕೇಜಿನ ಜೊತೆ ಬದಲಾವಣೆಯ ಟಿಪ್ಪಣಿ ಬರೆಯುವುದು ಪದ್ಧತಿ. ಅವನು ಒಂದೇ ಸಾಲು ಬರೆದ: ದೋಷ ಸರಿಪಡಿಸಲಾಗಿದೆ. ಧನ್ಯವಾದ ಹೇಳಿ ನಲವತ್ತು ಪತ್ರಗಳು ಬಂದವು.

ಶಿಷ್ಯ ಹೇಳಿದ: "ಹೇಡಿ. ಹಕ್ಕು ಬಿಟ್ಟು ಹೋಗಬೇಕಿತ್ತು."

ಗುರು ಹೇಳಿದರು: "ನಿನ್ನ ತಾಣವನ್ನು ಅಳೆಯಲು ನೀನು ಯಾವ ಪ್ಯಾಕೇಜ್ ಇಟ್ಟುಕೊಂಡಿದ್ದೀಯ, ನೋಡಿ ಹೇಳು."

ಶಿಷ್ಯ ನೋಡಲಿಲ್ಲ.