ಒಂದೇ ಮನೆಯ ಇಬ್ಬರು ಚನ್ನಮಲ್ಲಪ್ಪಂದಿರು

ಶಿಷ್ಯ ಅಡವೀಶ ಕೇಳಿದ: “ಬುದ್ಧಿ, ಮಠದ ವಿದ್ಯಾರ್ಥಿನಿಲಯಕ್ಕೆ ನಾಲ್ಕು ಸಾವಿರ ಅರ್ಜಿ ಬಂದಿವೆ. ಕೆಲವರು ಎರಡೆರಡು ಸಲ ಹಾಕಿದ್ದಾರೆ. ನಮ್ಮ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಹೆಸರಿಗೆ ಹೆಸರು, ವಿಳಾಸಕ್ಕೆ ವಿಳಾಸ ಹೋಲಿಸಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ತೊಂಬತ್ತು ದಾಟಿದರೆ ಇಬ್ಬರೂ ಒಬ್ಬರೇ ಎಂದುಕೊಂಡು ಎರಡನೆಯ ಅರ್ಜಿ ಅಳಿಸುತ್ತಿದ್ದೇನೆ. ಇದು ಸರಿ ತಾನೇ?”

“ಅಳಿಸುವ ಮುಂಚೆ ಯಾರನ್ನಾದರೂ ಕರೆದು ಕೇಳಿದೆಯಾ?” ಎಂದರು ಗುರುಗಳು.

“ಅಂಕ ಕಡಿಮೆ ಬಂದವರನ್ನು ಕೇಳಿದೆ ಬುದ್ಧಿ. ತೊಂಬತ್ತರ ಮೇಲೆ ಕೇಳುವುದಕ್ಕೇನಿದೆ?”

“ಹಾಗೋ! ಹಾಗಾದರೆ ಕೂತ್ಕೊ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಎಣ್ಣೆ ಗಾಣದ ಮನೆಯೊಂದಿತ್ತು. ಸತ್ತ ಅಜ್ಜನ ಹೆಸರನ್ನು ಮೊದಲ ಮೊಮ್ಮಗನಿಗೆ ಇಡುವುದು ಆ ಮನೆಯ ವಾಡಿಕೆ. ಅಜ್ಜ ಚನ್ನಮಲ್ಲಪ್ಪ ತೀರಿಕೊಂಡಾಗ ಅವನ ಇಬ್ಬರು ಗಂಡುಮಕ್ಕಳ ಹೆಂಡತಿಯರೂ ಬಸುರಿಯರು. ದೊಡ್ಡ ಸೊಸೆ ಗಂಡು ಹೆತ್ತಳು. ಚನ್ನಮಲ್ಲಪ್ಪ ಎಂದು ಹೆಸರಿಟ್ಟರು. ಮೂರು ತಿಂಗಳಿಗೆ ಸಣ್ಣ ಸೊಸೆಯೂ ಗಂಡು ಹೆತ್ತಳು. ಅವಳ ಗಂಡನೂ ಅದೇ ಹೆಸರು ಬೇಕೆಂದು ಹಟ ಹಿಡಿದ. ಸತ್ತವನು ಇಬ್ಬರು ಗಂಡುಮಕ್ಕಳಿಗೂ ಅಪ್ಪನೇ ಅಲ್ಲವೇ? ಬೇಡ ಅನ್ನುವುದಕ್ಕೆ ಯಾರಿಗೆ ಬಾಯಿ ಬಂದೀತು? ಮನೆಯವರು ಒಬ್ಬನನ್ನು ದೊಡ್ಡ ಚನ್ನ, ಇನ್ನೊಬ್ಬನನ್ನು ಸಣ್ಣ ಚನ್ನ ಎಂದು ಕರೆದರು. ಮುಂದೆ ಮನೆಗೆ ನಡುಗೋಡೆ ಬಿತ್ತು, ಒಲೆ ಎರಡಾದವು. ಮನೆಯ ನಂಬರು ಮಾತ್ರ ಒಂದೇ ಉಳಿಯಿತು.

ಇಬ್ಬರಿಗೂ ವಯಸ್ಸಾಯಿತು, ಕಣ್ಣಿಗೆ ಪೊರೆ ಬಂತು. ದೊಡ್ಡ ಚನ್ನನಿಗೆ ಎರಡೂ ಕಣ್ಣು ಮಂಜು. ಸಣ್ಣ ಚನ್ನನಿಗೆ ಇದ್ದದ್ದೇ ಒಂದು ಕಣ್ಣು. ಇನ್ನೊಂದು ಹರೆಯದಲ್ಲೇ ಗಾಣದ ಚಕ್ಕೆ ಸಿಡಿದು ಹೋಗಿತ್ತು. ಪಕ್ಕದ ಪೇಟೆಯಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಅದು ಎರಡು ವರ್ಷಕ್ಕೊಮ್ಮೆ ಶಿಬಿರ ನಡೆಸಿ ಪುಕ್ಕಟೆ ಆಪರೇಷನ್ ಮಾಡುತ್ತಿತ್ತು. ಒಬ್ಬರಿಗೆ ಒಂದೇ ಸಲ ಎಂಬುದು ಅದರ ನಿಯಮ. ಇಬ್ಬರೂ ಹೋಗಿ ಅರ್ಜಿ ಬರೆಸಿದರು. ವೈದ್ಯರು ಕಣ್ಣು ನೋಡಿ ದೊಡ್ಡ ಚನ್ನನಿಗೆ, “ಪೊರೆ ಹಣ್ಣಾಗಿದೆ, ಈ ಸಲ ಬಿಟ್ಟರೆ ಕಣ್ಣೇ ಹೋಗುತ್ತದೆ” ಎಂದರು. ಸಣ್ಣ ಚನ್ನನಿಗೆ, “ನಿಮ್ಮದು ಇನ್ನೂ ಎರಡು ವರ್ಷ ತಡೆದೀತು” ಎಂದರು.

ಪಟ್ಟಿ ನೋಡಿಕೊಳ್ಳಲು ಅಲ್ಲೊಬ್ಬ ಗುಮಾಸ್ತನಿದ್ದ. ಕೆಟ್ಟವನಲ್ಲ, ಲಂಚ ಮುಟ್ಟಿದವನಲ್ಲ. ಒಬ್ಬರೇ ಎರಡು ಸಲ ಬರೆಸಿ ಇನ್ನೊಬ್ಬರ ಪಾಳಿ ತಿನ್ನಬಾರದು ಎಂದು ಅವನೂ ನಿನ್ನ ಹಾಗೆಯೇ ಕಂಪ್ಯೂಟರಿಗೆ ಹೋಲಿಸಲು ಹಚ್ಚಿದ. ಅದು ಜಾಣ ಯಂತ್ರ. ಒಬ್ಬರು ಬೀದಿ ಎಂದು, ಇನ್ನೊಬ್ಬರು ರಸ್ತೆ ಎಂದು ಬರೆಸಿದ್ದರೂ ಮೋಸ ಹೋಗುತ್ತಿರಲಿಲ್ಲ. ಎಷ್ಟೋ ಕಳ್ಳ ಅರ್ಜಿಗಳನ್ನು ಹಿಡಿದುಕೊಟ್ಟಿತು. ಈ ಇಬ್ಬರ ಹೆಸರು ಒಂದೇ, ಮನೆತನ ಒಂದೇ, ಮನೆ ನಂಬರು ಒಂದೇ, ಫೋನೂ ಒಂದೇ. ಹುಟ್ಟಿದ ದಿನ ಇಬ್ಬರಿಗೂ ಗೊತ್ತಿಲ್ಲ. ಎಪ್ಪತ್ತು ಅಂತ ಬರಕೊಳ್ಳಿ ಅಂದಿದ್ದರು. ಅರ್ಜಿಯಲ್ಲಿ ತಂದೆಯ ಹೆಸರಿಗೆ ಜಾಗವೇ ಇರಲಿಲ್ಲ. ಯಂತ್ರ ನೂರಕ್ಕೆ ನೂರು ಕೊಟ್ಟಿತು. ಅದರ ಮೇಲೆ ಸಿಟ್ಟಾಗಿ ಏನು ಪ್ರಯೋಜನ, ತೋರಿಸಿದ್ದನ್ನು ಅದು ನೋಡಿತು. ಮೊದಲು ಬರೆಸಿದ್ದವನು ಸಣ್ಣ ಚನ್ನ. ಅವನದು ಉಳಿಯಿತು, ದೊಡ್ಡ ಚನ್ನನದು ಅಳಿಸಿಹೋಯಿತು.

ಆಪರೇಷನ್ನಿಗೆ ಕರೆಯುವ ಚೀಟಿ ಮನೆಗೆ ಒಂದೇ ಬಂತು, ಅದರ ಮೇಲೆ ಸಣ್ಣ ಚನ್ನನ ಅರ್ಜಿಯ ನಂಬರು. ದೊಡ್ಡ ಚನ್ನ ಗೋಡೆಗೆ ಒರಗಿ ಕೂತುಬಿಟ್ಟ. ಇನ್ನು ಬೆಳಕು ಕಾಣುವುದಿಲ್ಲವಲ್ಲ ಎಂದ. ಸಣ್ಣ ಚನ್ನ ಹೋಗಿ ಆ ಚೀಟಿಯನ್ನು ಅವನ ಕೈಗೆ ತುರುಕಿ, “ತಗೊಳ್ಳಣ್ಣ. ಹೆಸರು ನಿಂದೂ ಅದೇ ತಾನೆ? ನಂಗೆ ಮುಂದಿನ ಸಲ ಆಯ್ತು. ನೀನು ಬೇರೆ, ನಾನು ಬೇರೆನಾ? ಇಬ್ರೂ ಒಂದೇ” ಎಂದ.

ದೊಡ್ಡ ಚನ್ನ ಹೋದ. “ಚನ್ನಮಲ್ಲಪ್ಪ ನೀವೇನಾ?” ಎಂದು ಗುಮಾಸ್ತ ಕೇಳಿದ, ಹೌದು ಎಂದ. ಸುಳ್ಳೇನೂ ಹೇಳಲಿಲ್ಲ. ಆಪರೇಷನ್ ಆಯಿತು, ಕಣ್ಣು ಬಂತು. ತಮ್ಮನ ತಲೆ ಅಷ್ಟೊಂದು ನರೆತಿರುವುದನ್ನು ಆ ದಿನವೇ ಕಂಡ. ಕಂಡು ನಕ್ಕ, ಆಮೇಲೆ ಅತ್ತ.

ಎರಡು ವರ್ಷ ಕಳೆದು ಶಿಬಿರ ಬಂತು. ಅಷ್ಟರಲ್ಲಿ ಸಣ್ಣ ಚನ್ನನ ಕಣ್ಣು ಹಾಲಿನಂತೆ ಬೆಳ್ಳಗಾಗಿತ್ತು. ಅಕ್ಕಪಕ್ಕದವರ ಭುಜ ಹಿಡಿದು ಪೇಟೆಗೆ ಹೋದ. ಗುಮಾಸ್ತ ಹೆಸರು ಕೇಳಿದ, ವಿಳಾಸ ಕೇಳಿದ, ಕಂಪ್ಯೂಟರ್ ನೋಡಿದ.

“ಏನಜ್ಜ, ನಿಮ್ಮ ಆಪರೇಷನ್ ಹೋದ ಸಲವೇ ಆಗಿದೆಯಲ್ಲ! ನೂರಕ್ಕೆ ನೂರು ತೋರಿಸ್ತಿದೆ.”

“ಆಗಿದ್ದಿದ್ರೆ ನಿಮ್ಮ ಮುಖ ನಂಗೆ ಕಾಣಬೇಕಿತ್ತಲ್ಲಪ್ಪ?”

“ಹನಿ ಸರಿಯಾಗಿ ಹಾಕ್ಕೊಂಡಿಲ್ಲ ಅನ್ಸುತ್ತೆ, ತಗೊಳ್ಳಿ” ಎಂದು ಗುಮಾಸ್ತ ಒಂದು ಸೀಸೆ ಔಷಧಿ ಕೊಟ್ಟು ಮುಂದಿನವರನ್ನು ಕರೆದ. ಅವನಿಗೂ ಆ ಮುದುಕನಿಗೂ ನಡುವೆ ಇದ್ದದ್ದು ಒಂದು ಮೇಜು. ಕಣ್ಣೆತ್ತಿದ್ದರೆ ಸಾಕಿತ್ತು, ಅಯ್ಯೋ, ಕಣ್ಣೆತ್ತಿದ್ದರೆ ಸಾಕಿತ್ತು!

ಸಣ್ಣ ಚನ್ನ ಮನೆಗೆ ಬಂದಾಗ ದೊಡ್ಡ ಚನ್ನ ವಿಷಯ ತಿಳಿದು ಕೋಲು ಹಿಡಿದು ಎದ್ದುನಿಂತ. “ನಡಿಯೋ, ಅವತ್ತು ಬಂದವನು ನಾನು ಅಂತ ನಾನೇ ಹೇಳ್ತೀನಿ” ಎಂದ.

ಸಣ್ಣ ಚನ್ನ ಅವನ ಪಂಚೆ ಹಿಡಿದು ಎಳೆದು ಕೂರಿಸಿದ. “ಸುಮ್ನೆ ಕೂತ್ಕೊ. ಈ ವಯಸ್ಸಲ್ಲಿ ಇನ್ನೊಬ್ಬರ ಚೀಟಿ ಕದ್ದವನು ಅಂತ ಬರೆಸ್ಕೊಳ್ತೀಯಾ? ಊರಿನವರ ಬಾಯಿಗೆ ಬೀಳ್ತೀಯಾ? ನೀನು ಹೋಗಿ ಹೇಳಿದ್ರೆ ನನ್ನ ಹೆಣ ನೋಡು” ಎಂದು ಆಣೆ ಹಾಕಿದ. ದೊಡ್ಡ ಚನ್ನ ಆಣೆ ಮೀರಲಾರದೆ ಕೂತ. ಸುತ್ತಲಿನ ಶಿಬಿರಗಳೆಲ್ಲ ಅದೇ ಪಟ್ಟಿಯ ಮೇಲೆ ನಡೆಯುತ್ತಿದ್ದವು. ಎಲ್ಲಿ ಹೋದರೂ ನೂರಕ್ಕೆ ನೂರು. ದುಡ್ಡು ಕೊಟ್ಟು ಮಾಡಿಸಲು ಕೈಯಲ್ಲಿ ಕಾಸಿರಲಿಲ್ಲ. ನಾಲ್ಕು ತಿಂಗಳಿಗೆ ಪೊರೆ ಒಳಗೇ ಒಡೆದು ಕಣ್ಣು ಕೆಂಪಾಯಿತು. ದೊಡ್ಡಾಸ್ಪತ್ರೆಗೆ ಒಯ್ದರೆ, ತಡವಾಯಿತು ಎಂದರು. ಅಂದಿನಿಂದ ದೊಡ್ಡ ಚನ್ನ ತಮ್ಮನ ಕೈ ಹಿಡಿದು ನಡೆಸುತ್ತಿದ್ದಾನೆ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಏನು ಎಲ್ಲಿದೆ ಎಂದು ಹೇಳುವವನೂ ಅವನೇ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅಡವೀಶ ಬಿಡಲಿಲ್ಲ. ಓದಿದ ಹುಡುಗ, ಮಾತಿನಲ್ಲಿ ಸೋಲುವವನಲ್ಲ.

“ಬುದ್ಧಿ, ಇಬ್ಬರೂ ಒಂದೇ ಅಂತ ಆ ತಮ್ಮನೇ ಹೇಳಿದನಲ್ಲ. ಅದೇ ಮಾತನ್ನು ನಾವು ಹೇಳಿದರೆ ತಪ್ಪು ಹೇಗಾಯಿತು?”

ಗುರುಗಳು ಎಂದರು: “ಅವನು ಒಂದೇ ಅಂದ, ಅಂದದ್ದಕ್ಕೆ ತನ್ನ ಕಣ್ಣು ಕೊಟ್ಟ, ನೀನು ಒಂದೇ ಅಂತೀಯಲ್ಲ ಮರೀ, ನಿನ್ನದೇನು ಹೋಯಿತು?”