ಮಧ್ಯಾಹ್ನಕ್ಕೆ ತಡವಾದ ನೆರಳು

ನದಿ ಕಡಲಿಗೆ ಸೇರುವ ಕಡೆ ಮಂಜ ಜೋಯಿಸರ ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಹೆಂಚಿನ ಮಾಡು, ಒಂದು ಬಾವಿ, ಅಂಗಳದ ನಡುವೆ ನೆಟ್ಟ ಮರದ ಗೂಟ. ಗೂಟದ ನೆರಳು ನೋಡಿ ಭೂಮಿಯ ಮೇಲೆ ನಾವೆಲ್ಲಿದ್ದೇವೆ ಎಂದು ಹೇಳುವ ವಿದ್ಯೆ ಜೋಯಿಸರದು.

ಅಲ್ಲಿಗೆ ಜಟ್ಟಪ್ಪ ಎಂಬ ಅಂಬಿಗರ ತರುಣ ಬಂದ. ಮೋಕ್ಷ ಬೇಕೆಂದು ಬಂದವನಲ್ಲ. ಅವನಿಗೆ ಅಣ್ಣ ಬೇಕಾಗಿತ್ತು.

ಅಣ್ಣ ಹೊನ್ನಪ್ಪ ಮೀನಿಗೆ ಹೋಗಿದ್ದ. ಗಾಳಿ ಎದ್ದಾಗ ವೈರ್‌ಲೆಸ್ಸಿನಲ್ಲಿ ತಾನಿರುವ ಜಾಗ ಹೇಳತೊಡಗಿದ. ಅಕ್ಷಾಂಶ ಹೇಳಿದ. ರೇಖಾಂಶ ಹೇಳುವಷ್ಟರಲ್ಲಿ ದನಿ ನಿಂತಿತು. ಹುಡುಕಲು ಹೋದವರು ಬರಿಗೈಯಲ್ಲಿ ಬಂದರು.

ಅವರ ಕೇರಿಯಲ್ಲಿ ಒಂದು ಪದ್ಧತಿ. ಕಡಲಲ್ಲಿ ಹೋದವನಿಗೆ ಅವನು ಮುಳುಗಿದ ಜಾಗದಲ್ಲೇ ಬಾಳೆಲೆಯಲ್ಲಿ ಎಡೆ ಇಟ್ಟು ನೀರಿಗೆ ಬಿಡಬೇಕು. ಅಲ್ಲಿಯತನಕ ಅವನು ಸತ್ತವನೂ ಅಲ್ಲ, ಬದುಕಿದವನೂ ಅಲ್ಲ. ಅವ್ವ ಮಾದೇವಿ ದಿನಾ ಹೊನ್ನಪ್ಪನ ಪಾಲಿನ ಅನ್ನ ತೆಗೆದಿಡುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಹೆತ್ತ ಕರುಳು ಹಾಗೆ ಕಲ್ಲಾಗುವುದನ್ನು ನೋಡಲಾರದೆ ಜಟ್ಟಪ್ಪ ಜೋಯಿಸರ ಕಾಲು ಹಿಡಿದ.

“ಒಂದು ಗೆರೆ ಗೊತ್ತುಂಟು ಗುರುಗಳೇ. ಇನ್ನೊಂದನ್ನು ಕಂಡುಹಿಡಿಯುವುದು ಕಲಿಸಿ.”

ಜೋಯಿಸರು ಅವನನ್ನು ಗೂಟದ ಮುಂದೆ ಕೂರಿಸಿದರು. ನೆರಳು ಸಣ್ಣದಾಗುತ್ತಾ ಬಂದು ನೇರ ಬಡಗಣಕ್ಕೆ ನಿಂತಾಗ ಆ ಜಾಗದ ಮಧ್ಯಾಹ್ನ. ಆಗ ನೆರಳನ್ನು ಅಳೆದರೆ ಅಕ್ಷಾಂಶ ಸಿಗುತ್ತದೆ. ಜಟ್ಟಪ್ಪ ಬಿಸಿಲಿಗೆ ಬೆಂದು ಇಷ್ಟನ್ನು ಕಲಿತ.

ರೇಖಾಂಶ ಹೇಗೆ ಎಂದು ಕೇಳಿದ.

“ಅದು ಹೊತ್ತಿನ ಲೆಕ್ಕ ಮಾರಾಯ. ನಮಗೆ ಮಧ್ಯಾಹ್ನ ಆದಾಗ ಪಡುವಣದಲ್ಲಿ ಇರುವವನಿಗೆ ಇನ್ನೂ ಆಗಿರುವುದಿಲ್ಲ. ಅವನ ಮಧ್ಯಾಹ್ನ ಎಷ್ಟು ತಡ ಅಂತ ತಿಳಿದರೆ ಅವನು ಎಷ್ಟು ದೂರ ಅಂತ ತಿಳಿಯಿತು.”

“ಮುಳುಗಿದವನ ಮಧ್ಯಾಹ್ನ ನನಗೆ ತಿಳಿಯುವುದು ಹೇಗೆ?”

ಜೋಯಿಸರು ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವವರಾದರೆ ಅವರನ್ನು ಗುರುಗಳು ಅಂತ ಯಾಕೆ ಕರೆಯಬೇಕು, ಬಿಡಿ.

ಮರುದಿನ ಜಟ್ಟಪ್ಪ ಒಬ್ಬನೇ ಅಂಗಳದ ಅಕ್ಷಾಂಶ ಅಳೆದ. ಇನ್ನೊಮ್ಮೆ ಅಳೆದ. ಅಣ್ಣ ಕೊನೆಗೆ ಹೇಳಿದ್ದ ಅಂಕಿಯೇ ಬಂದಿತ್ತು. ಅಣ್ಣನ ಗೆರೆ ಕಡಲಿನಿಂದ ಬಂದು ಈ ಅಂಗಳವನ್ನೇ ಹಾದುಹೋಗುತ್ತಿತ್ತು.

ಅಂದಿನಿಂದ ಅವನು ಗೂಟದ ಪಕ್ಕ ಪಡುವಣಕ್ಕೆ ಮುಖ ಮಾಡಿ ನಿಲ್ಲತೊಡಗಿದ. ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಆಶ್ರಮದ ನಾಯಿ ಅವನ ಹತ್ತಿರ ಸುಳಿಯುವುದನ್ನು ಬಿಟ್ಟಿತು.

ಹೀಗಿರುವಾಗ ಒಂದು ಮಧ್ಯಾಹ್ನ ಗೂಟದ ನೆರಳು ನೇರ ಬಡಗಣಕ್ಕೆ ಬಂತು. ಬಾವಿಕಟ್ಟೆಯ ಕಂಬದ ನೆರಳೂ ಬಂತು. ಜಟ್ಟಪ್ಪನ ನೆರಳು ಬರಲಿಲ್ಲ.

ಅದು ಬೆಳಗಿನ ನೆರಳಿನಂತೆ ಇನ್ನೂ ಪಡುವಣಕ್ಕೆ ವಾಲಿಕೊಂಡಿತ್ತು. ಅವನು ಸರಿದು ನಿಂತ, ಕೂತ, ಕೈ ಎತ್ತಿದ. ನೆರಳೂ ಕೈ ಎತ್ತಿತು, ಆದರೆ ಪಡುವಣ ಬಿಡಲಿಲ್ಲ. ಗೂಟದ ನೆರಳು ಮೂಡಣಕ್ಕೆ ಹೊರಳಿದ ಮೇಲೆ ಅವನದು ನಿಧಾನವಾಗಿ ಬಡಗಣಕ್ಕೆ ಬಂತು. ಅದು ಬಿದ್ದಿದ್ದ ಕಡೆ ಮರಳು ಒದ್ದೆಯಾಗಿತ್ತು.

ನಮಗಾದರೆ ಜೀವ ಬಾಯಿಗೆ ಬರುತ್ತಿತ್ತು. ಜಟ್ಟಪ್ಪನಿಗೆ ಖುಷಿಯಾಯಿತು. ಓಡಿಹೋಗಿ ಗುರುಗಳಿಗೆ ಹೇಳಿದ.

“ಅಣ್ಣ ತನ್ನ ಮಧ್ಯಾಹ್ನವನ್ನು ನನ್ನ ನೆರಳಿನಲ್ಲಿ ಕಳಿಸಿದ್ದಾನೆ. ಎಷ್ಟು ತಡ ಅಂತ ನೋಡಿದ್ದೇನೆ. ಜಾಗ ಸಿಕ್ಕಿತು!”

ಜೋಯಿಸರು ಅವನ ನೆರಳು ಬಿದ್ದಲ್ಲಿ ಒದ್ದೆಯಾಗಿದ್ದ ಮರಳನ್ನು ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿದರು. ಉಪ್ಪಿತ್ತು. ಅವರಿಗೆ ಭಯವಾಯಿತು, ಆದರೆ ಮುಖದಲ್ಲಿ ತೋರಿಸಲಿಲ್ಲ. ನಾಳೆ ಇನ್ನೊಮ್ಮೆ ನೋಡು ಎಂದಷ್ಟೇ ಹೇಳಿದರು.

ಮರುದಿನ ನೆರಳು ಇನ್ನಷ್ಟು ತಡವಾಯಿತು. ಅದರ ಮರುದಿನ ಇನ್ನೂ ಹೆಚ್ಚು. ಲೆಕ್ಕ ಹಾಕಿದರೆ ಜಾಗ ಲಕ್ಷದ್ವೀಪವನ್ನೂ ದಾಟಿ ಆಚೆಗೆ ಹೋಗಿತ್ತು.

“ನಿನ್ನ ಅಣ್ಣನ ದೋಣಿಯಲ್ಲಿ ಅಷ್ಟು ಡೀಸೆಲ್ ಇತ್ತೇನೋ?” ಎಂದು ಜೋಯಿಸರು ಕೇಳಿದರು.

ನೀರಿನ ಸೆಳೆತಕ್ಕೆ ಸಿಕ್ಕಿ ಹೋಗುತ್ತಿರಬೇಕು ಎಂದ ಜಟ್ಟಪ್ಪ.

“ಮುಳುಗಿದವನು ಮುಳುಗಿದಲ್ಲೇ ಇರುತ್ತಾನೆ. ಹೋಗುತ್ತಿರುವವರು ಬೇರೆ ಯಾರೋ.”

ಜಟ್ಟಪ್ಪನಿಗೆ ಆ ಮಾತು ತಲೆಗೆ ಹೋಗಲಿಲ್ಲ. ಅವನು ಆಗಲೇ ದಡದಲ್ಲಿದ್ದ ಸಣ್ಣ ದೋಣಿಗೆ ನೀರು, ಅವಲಕ್ಕಿ ತುಂಬಿಸುತ್ತಿದ್ದ. ಜೋಯಿಸರು ಅವನನ್ನು ತಡೆಯಲಿಲ್ಲ. ಕೇರಿಗೆ ಆಳು ಕಳಿಸಿ ಮಾದೇವಿಯನ್ನು ಕರೆಸಿದರು.

ಅವಳು ಬಾಳೆಲೆಯ ಸುರುಳಿ ಮತ್ತು ಅನ್ನದ ಪಾತ್ರೆ ಹಿಡಿದು ಬಂದಳು. ಜೋಯಿಸರು ಅಂಗಳದಲ್ಲಿ ಕೋಲಿನಿಂದ ಮೂಡಣದಿಂದ ಪಡುವಣಕ್ಕೆ ಒಂದು ಗೆರೆ ಎಳೆದು, ನಿನ್ನ ಹಿರಿಯ ಮಗ ಈ ಗೆರೆಯ ಮೇಲೆ ಇದ್ದಾನೆ, ಎಷ್ಟು ದೂರವೋ ಗೊತ್ತಿಲ್ಲ, ಆದರೆ ಗೆರೆ ಮಾತ್ರ ಇದೇ ಎಂದು ತಿಳಿಸಿದರು.

ಮಾದೇವಿ ಬಹಳ ಹೊತ್ತು ಆ ಗೆರೆ ನೋಡಿದಳು. ಆಮೇಲೆ ಬಾಗಿ ಅದರ ಮೇಲೆ ಅಂಗೈ ಇಟ್ಟಳು, ಮಲಗಿದ ಮಗುವಿನ ಬೆನ್ನ ಮೇಲೆ ಇಡುವಂತೆ.

“ಇಷ್ಟು ಸಾಕು ಅಯ್ಯ. ಇಲ್ಲೇ ಇಡುತ್ತೇನೆ.”

ಹಾಗೆಂದವಳೇ ಗೊಳೋ ಎಂದು ಅತ್ತಳು. ಹೊನ್ನಪ್ಪ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಅಳು ದಡದವರೆಗೂ ಕೇಳಿತು. ಆದರೆ ಜಟ್ಟಪ್ಪ ದೋಣಿಯನ್ನು ನೀರಿಗೆ ನೂಕಿ ಹತ್ತಿಯಾಗಿತ್ತು. ಸೂರ್ಯ ನೆತ್ತಿಗೆ ಬಂದಿದ್ದ. ದೋಣಿಯ ನೆರಳು ಎಲ್ಲಿರಬೇಕೋ ಅಲ್ಲಿತ್ತು. ಅವನ ನೆರಳು ಮಾತ್ರ ನೀರಿನ ಮೇಲೆ ಪಡುವಣಕ್ಕೆ ಉದ್ದಕ್ಕೆ ಚಾಚಿ, ಅವನಿಗಿಂತ ಮುಂದೆ ಹೋಗುತ್ತಿತ್ತು.

ಜೋಯಿಸರು ದಡಕ್ಕೆ ಬಂದರು. ಅವ್ವ ಇಲ್ಲೇ ಎಡೆ ಇಡಲಿ, ನಾನು ಅಣ್ಣನಿರುವಲ್ಲಿಗೆ ಹೋಗಿ ಬರುತ್ತೇನೆ ಎಂದು ಜಟ್ಟಪ್ಪ ಕೂಗಿದ. ಹುಟ್ಟು ನೀರಿಗೆ ಇಳಿಸಿದ.

ಜೋಯಿಸರು ಅವನನ್ನು ಹಿಂದಕ್ಕೆ ಕರೆಯಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಮೆಲ್ಲಗೆ ಕೇಳಿದರು.

“ನಿನ್ನ ಅವ್ವ ಎಲೆ ಹಿಡಿದು ಕೂತಿದ್ದಾಳೆ ಜಟ್ಟಪ್ಪ. ಒಂದು ಹಾಸಲೋ, ಎರಡು ಹಾಸಲೋ ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?”